ಎದುರು ಮನೆ ಅಜ್ಜಿಯ ಸೇವೆ ಮಾಡುತ್ತಿದ್ದೇನೆ, ಕೊರಳಿನ ಶಿಲುಬೆ ಒಳಗೆ ಹಾಕಿಕೊಳ್ಳಬೇಕಾ? ಅನುಭವ ಇರುವವರು ಹೇಳಿ

ಮೂರನೇ ಮಹಡಿ:

ನಾವು ಕನ್ನಡ ಕ್ಯಾಥೊಲಿಕರು. ಮೂಲ ಕೊಳ್ಳೇಗಾಲದ ಕಡೆ, ಈಗ ಬೆಂಗಳೂರಲ್ಲಿ ಬಾಡಿಗೆ ಮನೆ. ಎದುರು ಮನೆ ಅಜ್ಜಿಗೆ 81. ಸೊಂಟದ ಮೂಳೆ ಮುರಿದು ಐದು ತಿಂಗಳಿಂದ ಹಾಸಿಗೆ ಹಿಡಿದಿದ್ದಾರೆ. ಮಗ ಪುಣೆಯಲ್ಲಿ, ದುಡ್ಡು ಕಳಿಸುತ್ತಾರೆ. ಆಫೀಸಿಗೆ ಹೋಗುವ ಮೊದಲು ನಾನೇ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಬರುತ್ತೇನೆ. ಒಂದು ದಿನ ಅಜ್ಜಿ "ಯಾಕಮ್ಮ ಇಷ್ಟೆಲ್ಲ ಮಾಡ್ತೀಯ" ಅಂದರು. "ನಮ್ಮ ಯೇಸುಸ್ವಾಮಿ ಹೇಳಿದ್ದಾರೆ ಅಜ್ಜಿ" ಅಂದುಬಿಟ್ಟೆ. ಅಷ್ಟೇ. ಆ ಮಾತು ಮೆಟ್ಟಿಲು ಇಳಿದು ಮಾಲೀಕರ ಕಿವಿಗೆ ಬಿತ್ತು. "ಅಂಥದ್ದೆಲ್ಲ ನಮ್ಮ ಬಿಲ್ಡಿಂಗಲ್ಲಿ ಬೇಡಮ್ಮ" ಅಂದರು. ಯಜಮಾನರು "ಮಾಡು, ಆದ್ರೆ ಬಾಯಿ ಮುಚ್ಕೊಂಡು ಮಾಡು" ಅನ್ನುತ್ತಾರೆ. ಹೇಳಿಕೊಂಡು ಮಾಡಿದವರು, ಹೇಳದೆ ಮಾಡಿದವರು ದಯವಿಟ್ಟು ಬರೆಯಿರಿ. ಇನ್ನೊಂದು, ಅಜ್ಜಿಯ ಬೆನ್ನಿನ ಕೆಳಗೆ ಚರ್ಮ ಕೆಂಪಾಗಿದೆ. ಏನು ಮಾಡಬೇಕು?

ಹುಬ್ಬಳ್ಳಿ ಆಟೋ:

ತಂಗಿ, ನನ್ನದು ಕೇಳು. ನಮ್ಮ ಓಣಿಯ ಹಿರಿಯರೊಬ್ಬರಿಗೆ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. 14 ತಿಂಗಳು ನನ್ನ ಗಾಡಿಯಲ್ಲೇ ಕರೆದುಕೊಂಡು ಹೋದೆ, ಒಟ್ಟು 181 ಸಲ. ಮಷಿನ್‌ಗೆ ಹಾಕಿದರೆ ನಾಲ್ಕು ತಾಸು ಕಾಯಬೇಕು. ಹೋಗಿ ಬರಲು ಗ್ಯಾಸ್ 90 ರೂಪಾಯಿ ಹಿಡಿದರೆ 16,290. ಕಾಯುವಾಗ ತಪ್ಪಿದ ಬಾಡಿಗೆ ಸಲಕ್ಕೆ 300 ಅಂದರೂ 54,300. ನಡುವೆ ಕ್ಲಚ್ ಪ್ಲೇಟ್ ಎರಡು ಸಲ, ಹಿಂದಿನ ಟೈರ್ ಒಂದು. ಪ್ರೀತಿಗೆ ಲೆಕ್ಕ ಇಡಬಾರದು ಅಂತ ನಮ್ಮ ಚರ್ಚಿನ ಅಯ್ಯನವರು ಹೇಳಿದರು. ಅವರಿಗೆ ತಿಂಗಳ ಸಂಬಳ ಬರುತ್ತದೆ. ನಾನು ಲೆಕ್ಕ ಇಟ್ಟೆ.

ಗಾಡಿ ಹಿಂದೆ ‘ಯೇಸು ಕೃಪೆ’ ಅಂತ ಬರೆಸಿದ್ದೇನೆ. ಅವರ ಮಗಳು ಒಂದು ದಿನ "ಅಪ್ಪನ್ನ ಬ್ಯಾರೆ ಗಾಡಿಯಾಗ ಕರ್ಕೊಂಡು ಹೋಗ್ತೀವ್ರಿ, ಮಂದಿ ಮಾತಾಡ್ತಾರ" ಅಂದಳು. ಸರಿ ಅಂದೆ. ಆ ಗಾಡಿಯವನು ಸಲಕ್ಕೆ 400 ಕೇಳಿದ. ಎರಡೇ ವಾರಕ್ಕೆ ಮತ್ತೆ ನನಗೆ ಫೋನು. ಹೋದೆ. ಯಾಕೆ ಹೋದೆ ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ಅವರು ತೀರಿಕೊಂಡಾಗ ಮಣ್ಣಿಗೂ ಹೋಗಿ ಹಿಂದೆ ನಿಂತೆ. ಬಾ ಅಂತ ಯಾರೂ ಕರೆಯಲಿಲ್ಲ. ಗಾಡಿ ಮೇಲಿನ ಅಕ್ಷರ ಮಾತ್ರ ಅಳಿಸಿಲ್ಲ. ಪೇಂಟರ್‌ಗೆ 650 ಕೊಟ್ಟಿದ್ದೇನೆ.

ಭಾನುವಾರದ ಊಟ:

ಸಿಸ್ಟರ್, ಹೆದರಬೇಡಿ. ನಾವು ಆರು ವರ್ಷದಿಂದ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಸರ್ಕಾರಿ ಆಸ್ಪತ್ರೆ ಗೇಟಿನ ಹತ್ತಿರ ರೋಗಿಗಳ ಕಡೆಯವರಿಗೆ ಊಟ ಕೊಡುತ್ತೇವೆ. 80 ಎಲೆ. ಖರ್ಚು ಹೇಳುತ್ತೇನೆ. ಅಕ್ಕಿ 10 ಕೆಜಿ 520. ತೊಗರಿಬೇಳೆ ಎರಡೂವರೆ ಕೆಜಿ 375. ತರಕಾರಿ 300, ಎಣ್ಣೆ 140, ಗ್ಯಾಸ್ 200, ಎಲೆ 200, ಪಾತ್ರೆ ಸಾಗಿಸಲು ಆಟೋ 250. ಒಟ್ಟು 1,985. ವರ್ಷಕ್ಕೆ ಲಕ್ಷ ದಾಟುತ್ತದೆ. ನಮ್ಮ ಚರ್ಚ್ ಸಭೆಯಿಂದ ಬರುವುದು ಅರ್ಧ, ಉಳಿದದ್ದು ನನ್ನ ಜೇಬಿಂದ.

ಮೊದಲು ‘ಯೇಸು ನಿಮ್ಮನ್ನು ಪ್ರೀತಿಸುತ್ತಾರೆ’ ಅಂತ ಬ್ಯಾನರ್ ಕಟ್ಟುತ್ತಿದ್ದೆವು. ಎರಡನೇ ವರ್ಷ ನಾಲ್ಕು ಹುಡುಗರು ಬಂದು ಸಾಂಬಾರ್ ಕೊಳದಪ್ಪಲೆ ಒದ್ದರು. ಅನ್ನಕ್ಕೆ ಏನೋ ಬೆರೆಸುತ್ತಾರೆ ಅಂತ ಸುದ್ದಿ ಬೇರೆ. ಅವತ್ತು 80 ಜನಕ್ಕೆ ಬರೀ ಅನ್ನ, ಪಕ್ಕದ ಅಂಗಡಿಯ ಮೊಸರು. ಮೊಸರಿಗೇ 640 ಆಯಿತು. ಸ್ಟೇಷನ್‌ನಲ್ಲಿ "ಬ್ಯಾನರ್ ಇಲ್ಲದೆ ಮಾಡ್ರಪ್ಪ" ಅಂದರು. ಬ್ಯಾನರ್ ತೆಗೆದೆವು. ಟೀ ಶರ್ಟ್ ಮೇಲೆ ಶಿಲುಬೆ ಹಾಕಿಸಿಕೊಂಡೆವು. ದೀಪ ಹಚ್ಚಿ ಕೊಳಗದ ಕೆಳಗೆ ಇಡಬಾರದು ಅಂತ ಸ್ವಾಮಿಯೇ ಹೇಳಿದ್ದಾರೆ, ಬೈಬಲಿನಲ್ಲಿ ಮತ್ತಾಯ ಐದನೇ ಅಧ್ಯಾಯ ತೆಗೆದು ನೋಡಿ. ವಾರವಾರ ಫೋಟೋ ಹಾಕುತ್ತೇವೆ.

ನಿವೃತ್ತ ನರ್ಸ್, ಉಡುಪಿ ಕಡೆ:

ಫೋಟೋ ಹಾಕುತ್ತಾರಂತೆ! ಒಂದೇ ಅಧ್ಯಾಯ ಮುಂದೆ ಹೋಗಿ ಮಾರಾಯರೇ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಆರನೇ ಅಧ್ಯಾಯದಲ್ಲಿ ಇದೆ. ಹಸಿದವರು ಬಾಯಿ ತೆರೆದಾಗ ಕ್ಲಿಕ್ ಮಾಡುವುದು ಯಾವ ಸುವಾರ್ತೆ?

ನಾನು 22 ವರ್ಷ ಗಲ್ಫ್‌ನಲ್ಲಿ ನರ್ಸ್ ಆಗಿ ಊರಿಗೆ ಬಂದವಳು. ಬಂದ ವರ್ಷವೇ, 2008ರ ಸೆಪ್ಟೆಂಬರ್‌ನಲ್ಲಿ, ನಮ್ಮ ಕಡೆ ಚರ್ಚ್‌ಗಳ ಮೇಲೆ ದಾಳಿ ಆಯಿತು. ಮೊಂತಿ ಫೆಸ್ತ್, ಅಂದರೆ ಮಾತೆ ಮರಿಯಮ್ಮನ ಹುಟ್ಟುಹಬ್ಬ, ಮುಗಿದು ವಾರ ಆಗಿರಲಿಲ್ಲ. ಆಮೇಲೆ ನನ್ನ ತಮ್ಮ "ಬಾಯಿ ಬಿಡಬೇಡ, ತಲೆ ತಗ್ಗಿಸಿ ಇರು" ಅಂದ. ಪಕ್ಕದ ಮನೆಯ ಹೆಂಗಸಿಗೆ ಲಕ್ವ ಹೊಡೆದು ಬೆನ್ನಲ್ಲಿ ಹುಣ್ಣು, ಎರಡು ಬೆರಳು ಹೋಗುವಷ್ಟು ಆಳ. ಒಂಬತ್ತು ವಾರ ದಿನ ಬಿಡದೆ ಡ್ರೆಸ್ಸಿಂಗ್ ಮಾಡಿದೆ. ಗಾಜ್, ಸಲೈನ್, ಗ್ಲೌಸ್ ಎಲ್ಲ ನಾನೇ ತಂದೆ. ಅವರ ಸೊಸೆ ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲಿ ನಿಂತಿರುತ್ತಿದ್ದಳು. ಹೋಗುವಾಗಲೆಲ್ಲ ಜಪಮಾಲೆಯನ್ನು ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ಹಾಕುತ್ತಿದ್ದೆ. ಹುಣ್ಣು ಮಾಯಿತು. ಮನೆಯಲ್ಲಿ ಮದುವೆ ಬಂತು. ಯಾರೋ ಕೇಳಿದ್ದಕ್ಕೆ ಸೊಸೆ ಹೇಳಿದಳಂತೆ, "ಯಾವುದೋ ಹೋಮ್ ನರ್ಸ್ ಬರುತ್ತಿದ್ದಳು". ಮದುವೆಗೆ ಕಾಗದ ಇಲ್ಲ.

ಅಡಗಿಸಿದ್ದು ಸರಿಯಾ ಅಂತ ಇನ್ನೂ ಗೊತ್ತಿಲ್ಲ. ಫೋಟೋ ಹಾಕುವವರನ್ನು ನೋಡಿದರೆ ಸರಿ ಅನಿಸುತ್ತದೆ.

ಭಾನುವಾರದ ಊಟ:

ನರ್ಸಮ್ಮನವರೇ, ಫೋಟೋ ಹಾಕದಿದ್ದರೆ ಅಕ್ಕಿ ಕೊಡುವವರು ಲೆಕ್ಕ ಕೇಳುತ್ತಾರೆ. ನೀವು ಗಲ್ಫ್ ದುಡ್ಡಲ್ಲಿ ಗಾಜ್ ತಂದಿರಿ. ನಮಗೆ ಆ ಭಾಗ್ಯ ಇಲ್ಲ. ಮತ್ತೆ ಸ್ವಿಟ್ಜರ್ಲೆಂಡಿನಿಂದ ಬಂದ ನಮ್ಮ ಬಾಸೆಲ್ ಮಿಷನ್‌ನವರು ಅಡಗಿ ಕುಳಿತಿದ್ದರೆ ನಿಮ್ಮ ಊರಿನ ಮನೆಗಳಿಗೆ ಹಂಚು ಎಲ್ಲಿಂದ ಬರುತ್ತಿತ್ತು? ಮತಕ್ಕೆ ಸೇರಿದವರನ್ನು ಮನೆಯಿಂದ, ಕಸುಬಿನಿಂದ ಹೊರಹಾಕಿದರು ಅಂತಲೇ ನೇಯ್ಗೆ ಶುರುವಾಯಿತು, 1865ರಲ್ಲಿ ಹಂಚಿನ ಕಾರ್ಖಾನೆ ಬಂತು.

ನಿವೃತ್ತ ನರ್ಸ್, ಉಡುಪಿ ಕಡೆ:

ಹಂಚಿಗೆ ದುಡ್ಡು ಕೊಟ್ಟು ತೆಗೆದುಕೊಂಡಿದ್ದೇವೆ ಸ್ವಾಮಿ, ಪುಕ್ಕಟೆ ಬರಲಿಲ್ಲ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಹೋಮಿಯೋಪಥಿ ಮದ್ದು ಕೊಡಲು ಕೂತಾಗ ಯಾವ ಜಾತಿ ಅಂತ ಕೇಳಲಿಲ್ಲ. ಕುಷ್ಠರೋಗಿಗಳಿಗೂ ಜಾಗ ಮಾಡಿಕೊಟ್ಟರು. ಟೀ ಶರ್ಟ್ ಹಾಕಿಸಿರಲಿಲ್ಲ.

ಹುಬ್ಬಳ್ಳಿ ಆಟೋ:

ಲೋಗೋ ಇರಲಿಲ್ಲ ಖರೆ, ಪಾದ್ರಿ ನಿಲುವಂಗಿ ಇತ್ತಲ್ರೀ. ಅದು ದೂರದಿಂದಲೇ ಕಾಣುತ್ತದೆ.

ಹೊರಗಿನವನು:

ನಾನು ಕ್ರೈಸ್ತನಲ್ಲ. ಆದರೂ ಬರೆಯುತ್ತೇನೆ, ಯಾಕೆಂದರೆ ಸೇವೆ ಪಡೆದವರು ಇಲ್ಲಿ ಒಬ್ಬರೂ ಮಾತಾಡಿಲ್ಲ. ಅಪ್ಪ ಐಸಿಯುನಲ್ಲಿ ಹನ್ನೊಂದು ದಿನ ಇದ್ದರು. ನಾನು ಹೊರಗೆ ಕುರ್ಚಿ ಮೇಲೆ. ಅಲ್ಲಿ ಪರಿಚಯವಾದ ಒಬ್ಬರು ದಿನಾ ಫ್ಲಾಸ್ಕಲ್ಲಿ ಕಾಫಿ ತಂದು ಕೊಟ್ಟರು, ಔಷಧಿ ತಂದರು, ಎರಡು ರಾತ್ರಿ ನನ್ನ ಬದಲು ಕೂತರು. ಅಣ್ಣನ ಹಾಗೆ ಅಂದುಕೊಂಡೆ. ಹತ್ತನೇ ದಿನ ಡಾಕ್ಟರ್ ಕೈ ಚೆಲ್ಲಿದರು. ಅವರು ನನ್ನ ಭುಜದ ಮೇಲೆ ಕೈ ಇಟ್ಟು, "ನೀವು ಸ್ವಾಮಿಯನ್ನು ಒಪ್ಪಿಕೊಂಡು ಪ್ರಾರ್ಥನೆ ಮಾಡಿದ್ರೆ ಇನ್ನೂ ಟೈಮ್ ಇದೆ" ಅಂದರು. ಹತ್ತು ದಿನದ ಕಾಫಿ ಆ ಒಂದು ಮಾತಿಗೆ ಕಹಿಯಾಯಿತು. ಹಾಗೆಂದು ಅವರು ಕೆಟ್ಟವರಲ್ಲ. ನನ್ನ ಕಷ್ಟಕ್ಕೆ ಆದವರೇ. ಆಮೇಲೆ ಅವರು ಎರಡು ಸಲ ಫೋನ್ ಮಾಡಿದರು. ನಾನು ತೆಗೆಯಲಿಲ್ಲ. ಈಗ ಅದೂ ಚುಚ್ಚುತ್ತದೆ.

ಮೂರನೇ ಮಹಡಿ ಮೇಡಂ, ಅಜ್ಜಿ ಕೇಳಿದ್ದಕ್ಕೆ ನೀವು ಹೇಳಿದಿರಿ. ಅದರಲ್ಲಿ ತಪ್ಪೇನು ಅಂತ ನನಗೆ ಕಾಣುತ್ತಿಲ್ಲ.

ಭಾನುವಾರದ ಊಟ:

ಅವರು ನಿಮ್ಮ ಒಳ್ಳೆಯದಕ್ಕೇ ಹೇಳಿದ್ದು ಬ್ರದರ್.

ಹೊರಗಿನವನು:

ಗೊತ್ತು ಸಾರ್. ನನ್ನ ಅಪ್ಪ ಸಾಯುತ್ತಿದ್ದರು.

ಕೋಲಾರದ ಮೇಷ್ಟ್ರು:

ಟೀ ಶರ್ಟ್, ಜಪಮಾಲೆ, ಫ್ಲಾಸ್ಕು. ಬಹಿರಂಗವಾಗಿ ಕ್ರೈಸ್ತನಾಗಿರುವುದಕ್ಕೆ ನಿಜವಾದ ಬೆಲೆ ಏನು ಅಂತ ನಾನು ಹೇಳುತ್ತೇನೆ. ನಾವು ಹೊಲೆಯರು. ತಾತನ ಕಾಲದಿಂದ ಚರ್ಚಿಗೆ ಹೋಗುತ್ತೇವೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದವನು ಪರಿಶಿಷ್ಟ ಜಾತಿ ಅಲ್ಲ. ಆ ಆದೇಶಕ್ಕೆ 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ನಮ್ಮನ್ನು ಇಲ್ಲ. ಕರ್ನಾಟಕದಲ್ಲಿ ನಮ್ಮನ್ನು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಹಾಕಿದ್ದಾರೆ, ಅಷ್ಟೇ ಸಮಾಧಾನ.

ನನ್ನ ಚಿಕ್ಕಪ್ಪನ ಮಗ ದಾಖಲೆಯಲ್ಲಿ ಹಿಂದೂ ಅಂತಲೇ ಉಳಿದ, ಸರ್ಕಾರಿ ಕೆಲಸ ಸಿಕ್ಕಿತು. ಚರ್ಚಿನ ಬೆಳಗಿನ ಜಾವದ ಪೂಜೆಗೆ ತಲೆಗೆ ಮಫ್ಲರ್ ಸುತ್ತಿಕೊಂಡು ಬರುತ್ತಾನೆ. ನಾನು ಸ್ನಾನದೀಕ್ಷೆಯಲ್ಲಿ ಇಟ್ಟ ಕ್ರೈಸ್ತ ಹೆಸರನ್ನೇ ಸರ್ಟಿಫಿಕೇಟಿಗೆ ಹಾಕಿಸಿದೆ. ಎರಡು ನೇಮಕಾತಿಯಲ್ಲಿ ಅಂಕ ಸಾಲದೆ ಬಿದ್ದೆ. ಅವನಿಗಿಂತ ಜಾಸ್ತಿ ಅಂಕ ಬಂದಿತ್ತು. ಹದಿನಾರು ವರ್ಷ ಖಾಸಗಿ ಶಾಲೆಯಲ್ಲಿ 9,000ದಿಂದ 21,000ದವರೆಗೆ ತೆವಳಿದೆ. ಸಂಜೆ ನಮ್ಮ ಕೇರಿ ಮಕ್ಕಳಿಗೆ ಪುಕ್ಕಟೆ ಪಾಠ ಹೇಳುತ್ತೇನೆ, ಯಾವ ದೇವರ ಮಕ್ಕಳಾದರೂ ಸರಿ. 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಅದರಲ್ಲಿ ಆಮಿಷ ಅನ್ನುವುದಕ್ಕೆ ಉಡುಗೊರೆಯೂ ಸೇರುತ್ತದೆ, ಧಾರ್ಮಿಕ ಸಂಸ್ಥೆ ಶಾಲೆಯ ಪುಕ್ಕಟೆ ಓದೂ ಸೇರುತ್ತದೆ. ನನ್ನದು ಶಾಲೆಯಲ್ಲ, ಜಗಲಿ. ಆದರೂ ಎರಡು ತಿಂಗಳು ಪಾಠ ನಿಲ್ಲಿಸಿದೆ. 2023ರ ಜೂನ್‌ನಲ್ಲಿ ಕಾಯ್ದೆ ಹಿಂದಕ್ಕೆ ಪಡೆಯುವ ತೀರ್ಮಾನವನ್ನು ಸಂಪುಟ ಮಾಡಿತು. ಅಷ್ಟರೊಳಗೆ ನಾನೇ ನಾಚಿಕೆಯಾಗಿ ಮತ್ತೆ ಶುರು ಮಾಡಿದ್ದೆ.

ಪಕ್ಕದ ಮನೆಯವರನ್ನು ಪ್ರೀತಿಸುವುದು ಆಮೇಲೆ. ಚರ್ಚಿನ ಒಳಗೆ ಮೇಲ್ಜಾತಿ ಮೂಲದವರು ನನ್ನ ಮನೆಯಲ್ಲಿ ಊಟ ಮಾಡಲಿ, ನೋಡೋಣ.

ನಿವೃತ್ತ ನರ್ಸ್, ಉಡುಪಿ ಕಡೆ:

ಮೇಷ್ಟ್ರೇ, ಎಲ್ಲರನ್ನೂ ಸೇರಿಸಿ ಹೇಳಬೇಡಿ.

ಕೋಲಾರದ ಮೇಷ್ಟ್ರು:

ಎಲ್ಲರನ್ನೂ ಸೇರಿಸಲಿಲ್ಲ ಅಮ್ಮ. ನಿಮಗೆ ಯಾಕೆ ತಾಗಿತು?

ಜಾಮೀನು ಕೊಟ್ಟವನು:

ಒಳಗಿನವರ ಪ್ರೀತಿಯ ವಿಷಯ ಬಂತಲ್ಲ, ನಾನೂ ಹೇಳುತ್ತೇನೆ. ಸಭೆಯ ಬ್ರದರ್ ಒಬ್ಬರು, ವಾರಕ್ಕೆ ಎರಡು ದಿನ ಉಪವಾಸ ಪ್ರಾರ್ಥನೆ. ಸಹಕಾರಿ ಸಂಘದಲ್ಲಿ ಸಾಲಕ್ಕೆ ಜಾಮೀನು ಹಾಕಿ ಅಂದರು. ಒಬ್ಬರನ್ನೊಬ್ಬರು ಪ್ರೀತಿಸಿದರೆ ಅದರಿಂದಲೇ ನೀವು ನನ್ನ ಶಿಷ್ಯರು ಅಂತ ಗೊತ್ತಾಗುತ್ತದೆ ಎಂಬ ಯೇಸುವಿನ ಮಾತು ಎತ್ತಿದರು. ಸಹಿ ಹಾಕಿದೆ. ಏಳು ಕಂತು ಕಟ್ಟಿ ಊರು ಬಿಟ್ಟರು. ಬಡ್ಡಿ, ನೋಟಿಸ್ ಖರ್ಚು ಸೇರಿ 2,83,400 ನನ್ನ ತಲೆಗೆ ಬಂತು. ಹೆಂಡತಿಯ ಎರಡು ಬಳೆ, ಒಂದು ಸರ ಹೋಯಿತು. ಸಭಾಪಾಲಕರು "ಕ್ಷಮಿಸಿಬಿಡಿ" ಅಂದರು. ಕ್ಷಮಿಸಿದೆ ಅಂತ ಪ್ರತಿ ಭಾನುವಾರ ಅಂದುಕೊಳ್ಳುತ್ತೇನೆ, ಸೋಮವಾರ ಕಂತಿನ ಮೆಸೇಜ್ ಬರುತ್ತದೆ.

ಹುಬ್ಬಳ್ಳಿ ಆಟೋ:

ಬೈಬಲಿನ ಜ್ಞಾನೋಕ್ತಿ ಆರನೇ ಅಧ್ಯಾಯ ಓದಿರಲಿಲ್ಲವಾ ಅಣ್ಣ? ಜಾಮೀನು ಬೇಡ, ಸಿಕ್ಕಿಬಿದ್ದಿದ್ದರೆ ನಿದ್ದೆ ಮಾಡದೆ ಬಿಡಿಸಿಕೋ ಅಂತ ಶುರುವಿನಲ್ಲೇ ಇದೆ.

ಜಾಮೀನು ಕೊಟ್ಟವನು:

ಈಗ ಎಲ್ಲರೂ ಅದೇ ಅಧ್ಯಾಯ ತೋರಿಸುತ್ತಾರೆ. ಸಹಿ ಹಾಕುವ ದಿನ ಒಬ್ಬನೂ ಬೈಬಲ್ ತೆಗೆಯಲಿಲ್ಲ. 181 ಸಲದ ಲೆಕ್ಕ ಇಟ್ಟವರು ನನಗೆ ಬುದ್ಧಿ ಹೇಳುವುದು ಬೇಡ.

ಹುಬ್ಬಳ್ಳಿ ಆಟೋ:

ನನ್ನ ಲೆಕ್ಕ ನಾನು ಯಾರ ಹತ್ತಿರವೂ ವಸೂಲಿ ಮಾಡಿಲ್ಲ. ಮಾತು ಸರಿ ಆಡಿ.

ಮೂರನೇ ಮಹಡಿ:

ನಾನು ಎರಡು ಪ್ರಶ್ನೆ ಕೇಳಿದ್ದೆ. ಅಜ್ಜಿಯ ಬೆನ್ನಿನ ಬಗ್ಗೆ ಒಬ್ಬರೂ ಹೇಳಲಿಲ್ಲ. ಇಲ್ಲಿ ನರ್ಸ್ ಕೂಡ ಇದ್ದೀರಿ.

ನಿವೃತ್ತ ನರ್ಸ್, ಉಡುಪಿ ಕಡೆ:

ತಪ್ಪಾಯಿತು ಮಗಾ. ಜಗಳದಲ್ಲಿ ಮರೆತೇಹೋಯಿತು.

ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಡು. ಬಿಳಿಯಾಗಿ ಮತ್ತೆ ಕೆಂಪಾದರೆ ಇನ್ನೂ ಸಮಯ ಉಂಟು. ಒತ್ತಿದರೂ ಕೆಂಪು ಹಾಗೇ ಇದ್ದರೆ ಹುಣ್ಣು ಶುರು ಆಗಿದೆ ಅಂತ ಲೆಕ್ಕ, ಡಾಕ್ಟರಿಗೆ ತೋರಿಸು. ಎಣ್ಣೆ ಹಾಕಿ ತಿಕ್ಕಬೇಡ, ಸ್ಪಿರಿಟ್ ಬೇಡ. ಮಧ್ಯೆ ತೂತಿರುವ ರಿಂಗ್ ದಿಂಬು ಕೊಡುತ್ತಾರೆ, ಅದೂ ಬೇಡ, ಸುತ್ತಲಿನ ರಕ್ತ ಓಡಾಟ ನಿಂತುಹೋಗುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟ ಮುರಿದಿರುವುದರಿಂದ ಯಾವ ಮಗ್ಗುಲು, ಎಷ್ಟು ಓರೆ ಅಂತ ಡಾಕ್ಟರ್ ಹತ್ತಿರ ಕೇಳಿಕೋ. ಮೊಣಕಾಲ ಮಧ್ಯೆ ದಿಂಬು. ನೀನು ಆಫೀಸಿಗೆ ಹೋದ ಮೇಲೆ ಯಾರು ತಿರುಗಿಸುತ್ತಾರೆ? ಮಗನಿಗೆ ಹೇಳಿ ಹಗಲಿಗೆ ಆಳು ಇಡಿಸು. ಮಾಲೀಕರ ಮಾತಿಗಿಂತ ಇದು ದೊಡ್ಡದು.

ಮೂರನೇ ಮಹಡಿ:

ಒತ್ತಿ ನೋಡಿದೆ. ಬಿಳಿಯಾಗಿ ಕೆಂಪಾಯಿತು ಅಮ್ಮ. ಮಗನಿಗೆ ಫೋನ್ ಮಾಡಿದೆ, ಹಗಲಿಗೆ ಒಬ್ಬರನ್ನು ನೋಡುತ್ತೇನೆ ಅಂದರು. ಮಾಲೀಕರಿಗೂ ತಾನೇ ಮಾತಾಡುತ್ತಾರಂತೆ.

ಶಿಲುಬೆ ಹೊರಗೇ ಇದೆ. ಬಗ್ಗಿ ಮಗ್ಗುಲು ತಿರುಗಿಸುವಾಗ ಅಜ್ಜಿ ಮುಖಕ್ಕೆ ತಾಗುತ್ತದೆ. ಅವರೇ ಹಿಡಿದು ನನ್ನ ಬೆನ್ನ ಹಿಂದಕ್ಕೆ ಹಾಕುತ್ತಾರೆ, ಕೆಲಸ ಮುಗಿದ ಮೇಲೆ ಮುಂದಕ್ಕೆ ಎಳೆಯುತ್ತಾರೆ. ಏರ್ ಬೆಡ್ ತಗೊಂಡರೆ ಒಳ್ಳೆಯದಾ?

ನಿವೃತ್ತ ನರ್ಸ್, ಉಡುಪಿ ಕಡೆ:

ತಗೊಳ್ಳಬೇಡ. ನನ್ನ ಹತ್ತಿರ ಉಂಟು, ಅಟ್ಟದ ಮೇಲೆ ಸುಮ್ನೆ ಬಿದ್ದಿದೆ. ಮೋಟರ್ ಸ್ವಲ್ಪ ಗೊರ್ ಅನ್ನುತ್ತದೆ, ಒಂದು ಪಂಕ್ಚರ್ ಹಾಕಿಸಿದ್ದೇನೆ. ನಾಳೆ ರಾತ್ರಿ ಬಸ್ಸಿಗೆ ಹಾಕಿಸುತ್ತೇನೆ. ಲಗೇಜ್ ಚಾರ್ಜ್ ಮಾತ್ರ ನೀನು ಕೊಡು.