ಬಸಳೆ ಹುಳಿಯಲ್ಲಿ ಬೇಳೆ ಬೇಯ್ತಾ ಇಲ್ಲ, ಎಂತ ಮಾಡೋದು?

ವಿನೋಬನಗರದ ಬಾಡಿಗೆದಾರ:
ನಾವು ಮೂವರು ಸೇರಿ ಶಿವಮೊಗ್ಗದಲ್ಲಿ ಮನೆ ಮಾಡಿದ್ದೇವೆ. ಅಡುಗೆ ನನ್ನ ಪಾಲಿಗೆ ಬಂದಿದೆ. ಊರು ತೀರ್ಥಹಳ್ಳಿ ಕಡೆ, ಹಾಗಾಗಿ ಪುಡಿ ಸುರಿದ ಸೊಪ್ಪಿನ ಸಾರು ನನಗೆ ಸೇರುವುದಿಲ್ಲ. ಕಾಯಿ ಅರೆದು ಮಾಡಿದ ಬಸಳೆ ಹುಳಿಯೇ ಆಗಬೇಕು. ತೊಗರಿಬೇಳೆ, ಬಸಳೆ, ಹುಣಸೆ ರಸ, ಉಪ್ಪು ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಕೂಗಿಸುತ್ತೇನೆ. ಸೊಪ್ಪು ಕರಗಿ ಹೋಗಿರುತ್ತದೆ, ಬೇಳೆ ಮಾತ್ರ ಕಾಳು ಕಾಳಾಗಿ ತಳದಲ್ಲಿ ಕೂತಿರುತ್ತದೆ. ಮೇಲೆ ಬರೀ ತಿಳಿ ನೀರು. ಬೇಳೆ ಹಳೇದಾ? ಅಂಗಡಿ ಬದಲಿಸಿದರೆ ಸರಿ ಹೋಗುತ್ತಾ? ಅಮ್ಮನನ್ನು ಕೇಳಿದರೆ "ಹದ ನೋಡಿ ಮಾಡು" ಅಂತಾರೆ. ಆ ಹದ ಎಲ್ಲಿ ಸಿಗುತ್ತದೆ ಹೇಳಿ ಮಾರಾಯ್ರೆ.

ಭದ್ರಾವತಿ ಹುಡುಗ:
ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಬ್ರೋ. ಎರಡೇ ಸೀಟಿಗೆ ಬೆಣ್ಣೆ.

ಹೊಸನಗರದ ಅಕ್ಕ:
ಸೋಡಾ ಎಲ್ಲ ಬೇಡ ತಮ್ಮಾ. ಬೇಳೆ ಬೇಯುತ್ತದೆ ನಿಜ, ಆದರೆ ಹುಳಿಗೆ ಒಂಥರಾ ಸೋಪಿನ ರುಚಿ ಬರುತ್ತದೆ, ಸೊಪ್ಪಿನ ಸತ್ವವೂ ಹೋಗುತ್ತದೆ. ಅಂಗಡಿಯವನನ್ನೂ ಸುಮ್ನೆ ಬಯ್ಯಬೇಡ. ಕಿತಾಪತಿ ಎಲ್ಲ ಹುಣಸೆ ರಸದ್ದು. ಬೇಳೆಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ ಅಂತ ಒಂದು ಇದೆ. ಹುಳಿ ಬಿದ್ದ ನೀರಿನಲ್ಲಿ ಅದು ಬೇಗ ಬಿಡುವುದಿಲ್ಲ. ಬೋರ್‌ವೆಲ್ ನೀರಾದರೆ ಇನ್ನೂ ಕಷ್ಟ, ಸುಣ್ಣದ ಅಂಶ ಜಾಸ್ತಿ ಇರುತ್ತದಲ್ಲ. ನಲ್ಲಿಯಲ್ಲಿ ತುಂಗೆ ನೀರು ಬರುತ್ತಿದ್ದರೆ ಬೇಳೆಗೆ ಅದನ್ನೇ ಇಡು.

ಅರ್ಧ ಲೋಟ ಬೇಳೆ ತೊಳೆದು, ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಅದೊಂದನ್ನೇ ಬೇಯಿಸು. ಸೌಟಿನ ಹಿಂಬದಿಯಲ್ಲಿ ಒತ್ತಿದರೆ ಪೂರಾ ನುರಿಯಬೇಕು. ನಿನ್ನ ಅಮ್ಮ ಹೇಳುವ ಹದ ಇಲ್ಲಿಂದ ಶುರು.

ಬಸಳೆಯನ್ನು ಕುಕ್ಕರಿಗೆ ತೋರಿಸಲೇ ಬೇಡ. ದಂಟನ್ನು ಬೆರಳುದ್ದ ಹೆಚ್ಚಿ ಬೇರೆ ಪಾತ್ರೆಯಲ್ಲಿ ಸ್ವಲ್ಪವೇ ನೀರಿಟ್ಟು ಬೇಯಿಸು. ದಂಟು ಮೆತ್ತಗಾದ ಮೇಲೆ ಎಲೆ ಹಾಕು, ಐದು ನಿಮಿಷ ಸಾಕು. ಬೆಂದ ನೀರನ್ನು ಚೆಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಲೋಳೆಯಿಂದಲೇ ಹುಳಿ ಮಂದ ಆಗುವುದು. ನೀರು ಬಸಿಯುವುದು ಬಯಲುಸೀಮೆಯವರ ಬಸ್ಸಾರಿಗೆ. ಅವರೂ ಚೆಲ್ಲುವುದಿಲ್ಲ, ಆ ನೀರಲ್ಲೇ ಸಾರು ಮಾಡುತ್ತಾರೆ.

ಮಸಾಲೆಗೆ ಎರಡು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಉದ್ದಿನಬೇಳೆ, ಕಾಲು ಚಮಚ ಮೆಂತ್ಯ, ಐದಾರು ಬ್ಯಾಡಗಿ ಮೆಣಸು. ಸಣ್ಣ ಉರಿಯಲ್ಲಿ ಹುರಿ, ಮೆಂತ್ಯ ಕಪ್ಪಾದರೆ ಕಹಿ. ಒಂದು ಬಟ್ಟಲು ಕಾಯಿತುರಿ ಜೊತೆ ನುಣ್ಣಗೆ ಅರೆ. ತರಿ ಉಳಿದರೆ ನೀರು ಬೇರೆ ಆಗಿಯೇ ಆಗುತ್ತದೆ. ಬೇಳೆ, ಬಸಳೆ, ಅರೆದದ್ದು ಕೂಡಿ ಒಂದು ಕುದಿ ಬಂದ ಮೇಲೆ ಹುಣಸೆ ರಸ, ಉಪ್ಪು, ಚೂರು ಬೆಲ್ಲ. ಹಸಿ ವಾಸನೆ ಹೋಗುವ ತನಕ ಕುದಿಸು. ಕೊನೆಗೆ ತೆಂಗಿನೆಣ್ಣೆಯಲ್ಲಿ ಎಂಟು ಹತ್ತು ಎಸಳು ಬೆಳ್ಳುಳ್ಳಿ ಜಜ್ಜಿ, ಕೆಂಪಗೆ ಮಾಡಿ ಒಗ್ಗರಣೆ. ನಮ್ಮತ್ತೆ ಬೆಳ್ಳುಳ್ಳಿ ಮುಟ್ಟುವವರಲ್ಲ, ಅವರಿದ್ದ ದಿನ ಇಂಗು ಹಾಕುತ್ತೇನೆ. ಅದೂ ಚಂದವೇ, ಆದರೆ ಬಸಳೆಗೆ ಬೆಳ್ಳುಳ್ಳಿ ಬೇಕು ಅಂತಲೇ ನನ್ನ ವಾದ.

ವಿನೋಬನಗರದ ಬಾಡಿಗೆದಾರ:
ಅಕ್ಕಾ, ನಮ್ಮದು ಬೋರ್ ನೀರೇ. ಕುಡಿಯುವ ನೀರಲ್ಲಿ ಬೇಳೆ ಇಡುತ್ತೇನೆ. ಇನ್ನೊಂದು ಪ್ರಶ್ನೆ. ಮಳೆ ಹಿಡಿದ ಮೇಲೆ ಊರಿಂದ ಕೆಸುವಿನ ಸೊಪ್ಪು ಬರುತ್ತದೆ. ಅದಕ್ಕೂ ಹುಳಿ ಕೊನೆಗೇ ಹಾಕಬೇಕಾ?

ಸಾಗರದವರು:
ಖಂಡಿತ ಬೇಡಿ! ಕೆಸುವಿಗೆ ಲೆಕ್ಕ ಉಲ್ಟಾ. ಅದರಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿ ಸೂಜಿ ಹರಳುಗಳಿವೆ, ಗಂಟಲು ಕೆರೆಯುವುದು ಅದಕ್ಕೇ. ಸೊಪ್ಪನ್ನು ಹುಣಸೆ ರಸದಲ್ಲೇ ಚೆನ್ನಾಗಿ ಬೇಯಿಸಿ. ಬೇಳೆ ಬೇರೆ ಬೇಯಿಸಿ ಆಮೇಲೆ ಕೂಡಿಸಿ. ಹೆಚ್ಚುವ ಮೊದಲು ಕೈಗೆ ಎಣ್ಣೆ ಸವರಿಕೊಳ್ಳಿ. ವಾಟೆಹುಳಿ, ಅಂದರೆ ಒಣಗಿಸಿದ ಹುಳಿ ವಾಟೆಕಾಯಿ, ಸಿಕ್ಕಿದರೆ ಹುಣಸೆ ಬಿಟ್ಟು ಅದನ್ನೇ ಹಾಕಿ, ರುಚಿ ಬೇರೆಯೇ.

ಹೊಸನಗರದ ಅಕ್ಕ:
ಸಾಗರದವರು ಹೇಳಿದ್ದು ಸರಿ. ಅರೆಬೆಂದ ಕೆಸು ತಿಂದು ಮನೆಮಂದಿಯೆಲ್ಲ ಮಜ್ಜಿಗೆ ಹುಡುಕಿದ್ದನ್ನು ಕಂಡಿದ್ದೇನೆ. ಎಳೇ ಎಲೆ ಆರಿಸು, ದಂಟಿನ ನಾರು ಎಳೆದು ತೆಗೆ. ಆದರೆ ಕೆಸುವಿಗೆ ಬೇಳೆ ಯಾಕೆ ಅಂತ ನನಗೆ ಇನ್ನೂ ಅರ್ಥ ಆಗಿಲ್ಲ. ಸೂಜಿಮೆಣಸು ಹಾಕಿ ಕರಕಲಿ ಮಾಡು, ಅದೇ ಕೆಸುವಿನ ಸೊಪ್ಪಿನ ಖಾರದ ಗೊಜ್ಜು, ಬಿಸಿ ಅನ್ನಕ್ಕೆ ತುಪ್ಪ ಹಾಕಿ ತಿನ್ನು.

ಸಾಗರದವರು:
ಕರಕಲಿ ಒಂದು ದಿನ, ಹುಳಿ ಇನ್ನೊಂದು ದಿನ ಅಕ್ಕಾ. ಮಳೆಗಾಲ ಉದ್ದ ಇದೆ, ಅಲ್ವಾ?

ವಿನೋಬನಗರದ ಬಾಡಿಗೆದಾರ:
ಬೇಳೆ ಒಲೆ ಮೇಲಿದೆ, ದಂಟು ಪಕ್ಕದಲ್ಲಿ. ಮಿಕ್ಸಿ ಜಾರು ಸಣ್ಣದು, ಕಾಯಿ ಎರಡು ಸಲ ಅರೆಯಬೇಕು. ವಾಟೆಹುಳಿ ಗಾಂಧಿಬಜಾರಿನಲ್ಲಿ ಸಿಗುತ್ತದಾ, ಇಲ್ಲಾ ಊರಿಂದಲೇ ತರಿಸಬೇಕಾ?