ಹಾರ್ಸ್‌ಫೀಲ್ಡ್ ಆಮೆ ದೀಪದ ಕೆಳಗೆ ನಿಲ್ತಾನೇ ಇಲ್ಲ: 4 ಅಡಿ ಟೇಬಲ್‌ಗೆ ಲೈಟು, ಶಾಖ ಹೇಗೆ ಹೊಂದಿಸೋದು?

ಲೀಡ್ಸ್‌ನಿಂದ_ರಾವ್

ಹಾರ್ಸ್‌ಫೀಲ್ಡ್ ಗಂಡು, ಚಿಪ್ಪಿನ ಉದ್ದ 15 ಸೆಂ.ಮೀ. ಇರೋದು ಬ್ರಿಟನ್ನಿನ ಲೀಡ್ಸ್‌ನಲ್ಲಿ, ಮನೆಯೊಳಗೆ. ಮುಚ್ಚಳ ಇಲ್ಲದ ಮರದ ಟೇಬಲ್, 4 ಅಡಿ ಉದ್ದ, 2 ಅಡಿ ಅಗಲ.

ಈಗ ಒಂದು ತುದಿಯಲ್ಲಿ 100 ವ್ಯಾಟಿನ ಸ್ಪಾಟ್ ಬಲ್ಬು ಇದೆ, ಮಣ್ಣಿಂದ 25 ಸೆಂ.ಮೀ. ಮೇಲೆ, ಕ್ಲಾಂಪ್ ಹಾಕಿ ಓರೆಯಾಗಿ ಹಿಡಿಸಿದ್ದು. ಎದುರು ಮೂಲೆಯಲ್ಲಿ 26 ವ್ಯಾಟಿನ ಸುರುಳಿ ಯುವಿಬಿ (ಬಿಸಿಲಲ್ಲಿರೋ ಒಂದು ಬಗೆಯ ಅತಿನೇರಳೆ ಕಿರಣ) ಬಲ್ಬು, ಅದೂ ಅಡ್ಡಡ್ಡ ನಿಂತಿದೆ. ಮಣ್ಣಿನಡಿ ಹೀಟ್ ಮ್ಯಾಟ್. ರಾತ್ರಿಗೆ ಕೆಂಪು ಬಲ್ಬು.

ಗನ್ ಥರ್ಮಾಮೀಟರಿನಲ್ಲಿ ನೋಡಿದರೆ ಸ್ಪಾಟಿನ ನಡುವೆ 52 ಡಿಗ್ರಿ, ಒಂದು ಗೇಣು ಆಚೆ 24, ತಂಪು ತುದಿಯಲ್ಲಿ 18. ಆಮೆ ಬಂದು ಎರಡು ನಿಮಿಷ ನಿಂತು, ಮೂಲೆಗೆ ಹೋಗಿ ಮಣ್ಣು ತೋಡ್ತಾನೆ. ಕಣ್ಣು ಅರ್ಧ ಮುಚ್ಚಿರ್ತಾನೆ. ಯಾವುದನ್ನ ಮೊದಲು ಬದಲಾಯಿಸಬೇಕು?

ಚಿಪ್ಪಿನಮನೆ

ನಿಮ್ಮ ಅಳತೆಯಲ್ಲೇ ಉತ್ತರ ಇದೆ ಸರ್. ಒಂದು ಗೇಣಿನ ಅಂತರದಲ್ಲಿ 52ರಿಂದ 24ಕ್ಕೆ ಇಳಿದಿದೆ ಅಂದ್ರೆ ಅದು ಬಿಸಿಲಲ್ಲ, ಸೂಜಿಮೊನೆ. ಚಿಪ್ಪಿನ ನಡುಭಾಗ ಸುಡ್ತಾ ಇರುತ್ತೆ, ಕಾಲು, ಹೊಟ್ಟೆ ಇನ್ನೂ ತಣ್ಣಗೇ ಇರುತ್ತೆ. ಮೈ ಪೂರ್ತಿ ಬಿಸಿಯಾಗೋ ಮೊದಲೇ ಬೆನ್ನು ತಾಳಲಾರದೆ ಅವನು ಓಡಿಹೋಗ್ತಾನೆ. ವ್ಯಾಟ್ ಸಾಲಲ್ಲ ಅಂತ 150 ಹಾಕಿದವರೂ ಇದೇ ಕಷ್ಟಕ್ಕೆ ಬೀಳ್ತಾರೆ.

ಬೇಕಾಗಿರೋದು ಅಗಲ. ಚಿಪ್ಪು ಪೂರ್ತಿ, ಅದರ ಸುತ್ತ ನಾಲ್ಕು ಬೆರಳು ಜಾಗವೂ ಒಂದೇ ಶಾಖದಲ್ಲಿರಬೇಕು. ಸ್ಪಾಟ್ ತೆಗೆದು ಹ್ಯಾಲೋಜನ್ ಫ್ಲಡ್, ಅಂದ್ರೆ ಬೆಳಕು ಅಗಲಕ್ಕೆ ಹರಡೋ ಬಲ್ಬು, ಹಾಕಿ. ಒಂದು 100 ವ್ಯಾಟಿನ ಬದಲು ಎರಡು 50 ವ್ಯಾಟಿನವು, 15ರಿಂದ 20 ಸೆಂ.ಮೀ. ಅಂತರದಲ್ಲಿ ಅಕ್ಕಪಕ್ಕ ಇನ್ನೂ ಒಳ್ಳೆಯದು. ಎರಡೂ ನೆಟ್ಟಗೆ ಕೆಳಗೆ ನೋಡ್ತಿರಬೇಕು. ಓರೆಯಾದ ದೀಪ ನೇರ ಕಣ್ಣಿಗೆ ಹೊಡೆಯುತ್ತೆ.

ಎತ್ತರ 35 ಸೆಂ.ಮೀ.ನಿಂದ ಶುರುಮಾಡಿ. ಕೆಳಗೆ ಒಂದು ಚಪ್ಪಟೆ ಕಡಪ ಕಲ್ಲೋ ಸ್ಲೇಟೋ ಇಡಿ. ಒಂದೂವರೆ ಗಂಟೆ ಉರಿಸಿ ಆಮೇಲೆ ಅಳೀರಿ. ಹತ್ತು ನಿಮಿಷಕ್ಕೇ ಅಳೆದರೆ ಕಲ್ಲಿನ್ನೂ ಕಾದಿರಲ್ಲ. ಕಲ್ಲಿನ ಮೇಲ್ಮೈ 35ರಿಂದ 38 ಬರಬೇಕು, 40 ದಾಟಬಾರದು. ಚಿಪ್ಪಿನ ಎತ್ತರದಲ್ಲಿ ಗಾಳಿ 32 ಆಸುಪಾಸು, ತಂಪು ತುದಿ 20ರಿಂದ 22. ಅಳೆಯುವಾಗ ಚಿಪ್ಪಿನ ತುದಿಯಷ್ಟು ಎತ್ತರದ ಮರದ ತುಂಡೊಂದನ್ನ ಕಲ್ಲಿನ ಮೇಲಿಟ್ಟು ಅದನ್ನೂ ನೋಡಿ. ಬೆನ್ನು ದೀಪಕ್ಕೆ ಇನ್ನೂ ಹತ್ತಿರ ಇರುತ್ತಲ್ಲ.

ಕ್ಲಾಂಪ್ ಬೇಡವೇ ಬೇಡ. ಪಿಂಗಾಣಿ ಹೋಲ್ಡರ್, ಮೇಲಿಂದ ಸರಪಳಿ. ಪ್ಲಾಸ್ಟಿಕ್ ಹೋಲ್ಡರ್ ಈ ಶಾಖಕ್ಕೆ ಪುಡಿಪುಡಿಯಾಗಿ ಒಂದಿನ ಬಲ್ಬ್ ಸಮೇತ ಕೆಳಗೆ ಬೀಳುತ್ತೆ. ಒಣಹುಲ್ಲು ಹಾಸಿದ್ದರೆ ಬೆಂಕಿಯೇ.

ಧಾರವಾಡ_ಪೇಡೆ

ಹೀಟ್ ಮ್ಯಾಟ್ ಮೊದ್ಲ ತಗೀರಿ. ಬಿಸಿಲು ಜಾಸ್ತಿ ಆದ್ರ ಮಣ್ಣು ತೋಡಿ ಕೆಳಗ ತಂಪಿಗೆ ಹೋಗೋದು ಈ ಆಮಿ ಹುಟ್ಟುಗುಣ. ನೀವು ಕೆಳಗನೂ ಬಿಸಿ ಇಟ್ರ ಅದು ಎಲ್ಲಿಗೆ ಹೋಗ್ಬೇಕ್ರಿ? ಹೊಟ್ಟಿ ಕಡೆ ಚಿಪ್ಪು ಸುಟ್ಟದ್ದು ಮಗುಚಿ ನೋಡೋತನಕ ಗೊತ್ತಾಗಂಗಿಲ್ಲ.

ಕೆಂಪು ಬಲ್ಬೂ ತಗೀರಿ. ಆಮಿಗೆ ಕೆಂಪು ಕಾಣಸ್ತದ, ರಾತ್ರಿ ಪೂರ್ತಿ ಕತ್ತಲಿ ಬೇಕು.

ಆಮಿ ತೋಡೋ ಜಾಗದಾಗ ಮಣ್ಣು ಆಳ ಮಾಡ್ರಿ, 15ರಿಂದ 20 ಸೆಂ.ಮೀ. ಗೊಬ್ಬರ ಬೆರೆಸದ ಮಣ್ಣು ಎರಡು ಪಾಲು, ಮಕ್ಕಳ ಆಟದ ಮರಳು ಒಂದು ಪಾಲು. ತಂಪು ತುದಿ ಒಳಗ ಕೆಳಪದರ ಹಸಿ ಇರ್ಲಿ, ಮ್ಯಾಲ ಒಣಗಿದ್ರೂ ನಡೀತದ. ಎರಡು ದೀಪ ಮ್ಯಾಲಿಂದ ಒಣಗಸ್ತಿರ್ತಾವ. ನೀರು ಚಿಮುಕಿಸಿದ್ರ ಮ್ಯಾಲಷ್ಟ ಒದ್ದಿ ಆಗ್ತದ, ಮೂಲಿಯೊಳಗ ಸುರುವ್ರಿ, ಕೆಳಗ ಇಳೀತದ.

ಯುವಿ_ಮೀಟರ್

ಶಾಖದ ಮಾತು ಆಯಿತು. ಕಣ್ಣು ಮುಚ್ಚೋ ವಿಷಯಕ್ಕೆ ಬರ್ತೀನಿ. ಅಡ್ಡ ನಿಲ್ಲಿಸಿದ ಯುವಿಬಿ ಬಲ್ಬನ್ನ ಇವತ್ತೇ ಆರಿಸಿ. ಆಮೆಯ ಕಣ್ಣಿಗೆ ಮೇಲಿಂದ ಬರೋ ಬೆಳಕನ್ನ ರೆಪ್ಪೆ, ಹುಬ್ಬಿನ ಭಾಗ ತಡೆಯುತ್ತೆ. ಪಕ್ಕದಿಂದ ಬರೋದನ್ನ ತಡೆಯೋಕೆ ಏನೂ ಇಲ್ಲ. ಕಣ್ಣು ಊದಿದ್ದರೆ, ನೀರು ಸುರೀತಿದ್ದರೆ ಸರೀಸೃಪಗಳನ್ನ ನೋಡೋ ವೆಟ್ ಹತ್ತಿರ ಹೋಗಿ, ದೀಪ ಬದಲಾಯಿಸಿ ಕಾಯೋ ಸಮಯ ಅದಲ್ಲ.

ಎರಡನೇ ತಪ್ಪು ಜಾಗದ್ದು. ಶಾಖ ಒಂದು ತುದಿ, ಯುವಿಬಿ ಇನ್ನೊಂದು ತುದಿ. ಸೂರ್ಯ ಹಾಗೆ ಕೊಡಲ್ಲ. ಆಮೆ ಬಿಸಿಲು ಕಾಯಿಸೋ ಹೊತ್ತಲ್ಲೇ ಯುವಿಬಿ ಬೆನ್ನ ಮೇಲೆ ಬೀಳಬೇಕು. ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗೋದರ ಕೊನೆಯ ಹಂತ ಮೈಶಾಖದಿಂದಲೇ ನಡೆಯೋದು, ತಣ್ಣನೆ ಮೂಲೆಯಲ್ಲಿ ಅದು ನಿಧಾನ. ಡಿ3 ಇಲ್ಲದೆ ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಮೂಳೆಗೆ ಸೇರಲ್ಲ, ಚಿಪ್ಪು ಮೆತ್ತಗಾಗುತ್ತೆ.

ನಿಮ್ಮ ಟೇಬಲ್‌ಗೆ 24 ವ್ಯಾಟಿನ, 2 ಅಡಿಯ ಟಿ5 (ತೆಳ್ಳನೆಯ ಟ್ಯೂಬ್‌ಲೈಟ್) ಯುವಿಬಿ ಟ್ಯೂಬು ಸಾಕು, ಶೇ. 12 ಯುವಿಬಿ ಅಂತ ಬರೆದಿರೋದು, ರಿಫ್ಲೆಕ್ಟರ್ ಜೊತೆ. ಟೇಬಲ್ಲಿನ ಬಿಸಿ ಅರ್ಧದ ಮೇಲೆ, ಹ್ಯಾಲೋಜನ್‌ಗಳ ಪಕ್ಕಕ್ಕೆ ಅಂಟಿದಂತೆ, ಚಿಪ್ಪಿನ ತುದಿಯಿಂದ 40 ಸೆಂ.ಮೀ. ಎತ್ತರದಲ್ಲಿ ತೂಗುಹಾಕಿ. ತಂಪು ಅರ್ಧಕ್ಕೆ ಯುವಿಬಿ ಬೇಡ, ತಪ್ಪಿಸಿಕೊಳ್ಳೋಕೆ ನೆರಳು ಬೇಕು. ಬೆಳಕು ಕಮ್ಮಿ ಅನಿಸಿದರೆ ಅಲ್ಲೊಂದು 6500 ಕೆಲ್ವಿನ್ ಎಲ್‌ಇಡಿ.

ರಿಫ್ಲೆಕ್ಟರ್ ಇಲ್ಲದಿದ್ದರೆ ಸುಮಾರು ಅರ್ಧ ಬೆಳಕು ಚಾವಣಿಗೆ ಹೋಗುತ್ತೆ. ನಡುವೆ ಸಣ್ಣ ಕಣ್ಣಿನ ಜಾಲರಿ ಬಂದರೆ ಮೂರನೇ ಒಂದು ಭಾಗ ಅಲ್ಲೇ ನಿಲ್ಲುತ್ತೆ. ಕಿಟಕಿ ಗಾಜಿನ ಮೂಲಕ ಬಂದ ಬಿಸಿಲಲ್ಲಿ ಯುವಿಬಿ ಇಲ್ಲವೇ ಇಲ್ಲ ಅಂದುಕೊಳ್ಳಿ.

ಯುವಿ ಸೂಚ್ಯಂಕ ಅಳೆಯೋ ಸೋಲಾರ್‌ಮೀಟರ್ 6.5 ಎರವಲು ಸಿಕ್ಕಿದರೆ ಚಿಪ್ಪಿನ ಎತ್ತರದಲ್ಲಿ ಹಿಡಿದು ನೋಡಿ: ಯುವಿ ಸೂಚ್ಯಂಕ 3ರಿಂದ 5 ಇರಲಿ. ಸರೀಸೃಪಗಳನ್ನ ಅವು ಪಡೆಯೋ ಯುವಿ ಪ್ರಮಾಣದ ಮೇಲೆ ವಿಂಗಡಿಸಿದ ಫರ್ಗುಸನ್ ವಲಯಗಳಲ್ಲಿ ಹಾರ್ಸ್‌ಫೀಲ್ಡ್ 3ಕ್ಕೆ ಸೇರಿದ್ದು, ಅದರ ಮೇಲಿನ ಮಿತಿ 7.4. ಬಣ್ಣ ಬದಲಾಗೋ ಕಾರ್ಡುಗಳಿಗೆ ದುಡ್ಡು ಹಾಕಬೇಡಿ, ಅವು ಯುವಿಎಗೂ (ಅತಿನೇರಳೆಯ ಇನ್ನೊಂದು ಬಗೆ) ಬಣ್ಣ ಬದಲಿಸ್ತವೆ. ಮೀಟರ್ ಇಲ್ಲದಿದ್ದರೆ ಟ್ಯೂಬಿನ ತುದಿಯಲ್ಲಿ ಮಾರ್ಕರಿನಿಂದ ತಾರೀಖು ಬರೆದು 12 ತಿಂಗಳಿಗೆ ಬದಲಾಯಿಸಿ. ಕಣ್ಣಿಗೆ ಬೆಳಕು ಹಾಗೇ ಇರುತ್ತೆ, ಯುವಿಬಿ ಮಾತ್ರ ಸದ್ದಿಲ್ಲದೆ ಇಳಿದಿರುತ್ತೆ.

ಲೀಡ್ಸ್‌ನಿಂದ_ರಾವ್

ಎಲ್ಲರಿಗೂ ಥ್ಯಾಂಕ್ಸ್. ಎರಡೇ ಪ್ರಶ್ನೆ. ಮ್ಯಾಟಿನ ಆನ್-ಆಫ್ ಥರ್ಮೋಸ್ಟಾಟನ್ನೇ ಹ್ಯಾಲೋಜನ್‌ಗೆ ಹಾಕಬಹುದಾ? ಚಳಿಗಾಲದ ರಾತ್ರಿ ಆ ರೂಮು 14 ಡಿಗ್ರಿಗೆ ಇಳಿಯುತ್ತೆ, ಶಾಖ ಬೇಕಾ?

ಚಿಪ್ಪಿನಮನೆ

ಬೇಡ. ಆನ್-ಆಫ್ ಹಾಕಿದರೆ ದೀಪ ದಿನವಿಡೀ ಹತ್ತಿ ಆರಿ ಮಾಡುತ್ತೆ. ಫಿಲಮೆಂಟ್ ಬೇಗ ಹೋಗುತ್ತೆ, ಆಮೆಗೂ ಕಿರಿಕಿರಿ. ಹ್ಯಾಲೋಜನ್‌ಗೆ ಡಿಮ್ಮಿಂಗ್ ಥರ್ಮೋಸ್ಟಾಟ್, ಅಂದ್ರೆ ದೀಪ ಆರಿಸದೆ ಮಂದ ಮಾಡೋದು. ಆದರೆ ಎತ್ತರ ಹೊಂದಿಸೋ ಕೆಲಸವನ್ನ ಅದಕ್ಕೆ ಬಿಡಬೇಡಿ. ಸರಪಳಿಯಿಂದಲೇ ಶಾಖ ಸರಿಮಾಡಿಕೊಳ್ಳಿ, ಥರ್ಮೋಸ್ಟಾಟ್ ಬೇಸಿಗೆಯ ದಿನ ಮಿತಿಮೀರದಂತೆ ಕಾಯೋಕೆ ಇರಲಿ.

ಥರ್ಮೋಸ್ಟಾಟಿನ ಪ್ರೋಬ್ (ಶಾಖ ಅಳೆಯೋ ತಂತಿಯ ತುದಿ) ಕಲ್ಲಿನ ಅಂಚಿನಲ್ಲಿ, ಚಿಪ್ಪಿನ ಎತ್ತರದಲ್ಲಿ, ಗೋಡೆಗೆ ಕ್ಲಿಪ್ ಹೊಡೆದು ಕೂರಿಸಿ. ಸುಮ್ಮನೆ ಬಿಟ್ಟರೆ ಅವನು ಬುಲ್ಡೋಜರ್ ತರ ತಳ್ಳಿ ತಂಪು ಕಡೆಗೆ ಒಯ್ತಾನೆ. ಪ್ರೋಬಿಗೆ ಚಳಿ ಅನಿಸಿದಷ್ಟೂ ದೀಪ ಪೂರ್ತಿ ಉರಿಯುತ್ತೆ. ಹೆಚ್ಚಿನ ಅನಾಹುತ ಆಗೋದು ಹೀಗೇ. ಯುವಿಬಿ ಟ್ಯೂಬನ್ನ ಈ ಸಾಲಿಗೆ ಸೇರಿಸಬೇಡಿ, ಅದಕ್ಕೆ ಬರೀ ಟೈಮರು. ದೀಪಗಳೆಲ್ಲ 12 ಗಂಟೆ.

14 ಡಿಗ್ರಿ ರಾತ್ರಿ ಆರೋಗ್ಯವಂತ ದೊಡ್ಡ ಹಾರ್ಸ್‌ಫೀಲ್ಡ್‌ಗೆ ತೊಂದರೆಯಿಲ್ಲ, ಮಧ್ಯ ಏಷ್ಯಾದ ಪ್ರಾಣಿ ಅದು. ಬೆಳಿಗ್ಗೆ ದೀಪ ಹತ್ತಿ ಚೆನ್ನಾಗಿ ಬಿಸಿಯೇರಿದ ಮೇಲೆ ಮೇವು ಹಾಕಿ. ತಣ್ಣಗಿರುವಾಗ ತಿಂದಿದ್ದು ಹೊಟ್ಟೆಯಲ್ಲಿ ಹಾಗೇ ಕೂರುತ್ತೆ. ಮರಿಯಾಗಿದ್ದರೆ, ಕಾಯಿಲೆ ಬಿದ್ದಿದ್ದರೆ ಬೇರೆ ಮಾತು: 60 ವ್ಯಾಟಿನ ಸೆರಾಮಿಕ್ ಹೀಟರು, ಬೆಳಕಿಲ್ಲದ್ದು, ಅದಕ್ಕೆ ಕರೆಂಟನ್ನ ಚಿಕ್ಕ ಚಿಕ್ಕ ಕಂತಲ್ಲಿ ಬಿಡೋ ಪಲ್ಸ್ ಥರ್ಮೋಸ್ಟಾಟ್.

ಧಾರವಾಡ_ಪೇಡೆ

ಪ್ಲಗ್ ಒಳಗಿನ ಫ್ಯೂಸ್ ನೋಡ್ರಿ. ಎಲ್ಲಾ ಸೇರಿ 130 ವ್ಯಾಟ್ ಅಂದ್ರ 230 ವೋಲ್ಟಿಗೆ 0.6 ಆಂಪಿಯರ್ ಸುತ್ತ. 13ರ ಫ್ಯೂಸ್ ಇದ್ರ 3 ಆಂಪಿಯರಿಂದು ಹಾಕ್ರಿ. ಆರ್‌ಸಿಡಿ (ಕರೆಂಟ್ ಸೋರಿದ್ರ ತಾನ ಬಂದ್ ಆಗೋ) ಸಾಕೆಟ್ಟಿಗೆ ಹಚ್ರಿ, ನೀರಿನ ಬಟ್ಟಲ ಬಾಜೂನ ವೈರ್ ಇರ್ತಾವ.

ಮೈಸೂರು_ಓದುಗ

ಇದೇ ಸೆಟಪ್ ನಮ್ಮ ಕಡೆ ನಕ್ಷತ್ರ ಆಮೆಗೆ ಆಗುತ್ತಾ?

ಯುವಿ_ಮೀಟರ್

ಆ ಪ್ರಶ್ನೆಯೇ ಬರಬಾರದು. ನಕ್ಷತ್ರ ಆಮೆಯನ್ನ ಭಾರತದಲ್ಲಿ ಮನೆಯಲ್ಲಿ ಸಾಕೋದು ಅಪರಾಧ. 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಲ್ಲಿ ಅದು ಮೊದಲ ಅನುಸೂಚಿಯಲ್ಲಿದೆ. ವನ್ಯಜೀವಿ ವ್ಯಾಪಾರ ನಿಯಂತ್ರಿಸೋ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನಲ್ಲೂ 2019ರಿಂದ ಮೊದಲ ಪಟ್ಟಿ. ಯಾರ ಮನೆಯಲ್ಲಾದರೂ ಕಂಡರೆ ಅರಣ್ಯ ಇಲಾಖೆಗೆ ತಿಳಿಸಿ, ನೀವೇ ಹೊಲಕ್ಕೆ ಬಿಟ್ಟು ಬರಬೇಡಿ.