"ಎಷ್ಟು ಸಲ ಹೇಳಬೇಕು?" ಅಂದರೆ "ಎರಡು ಸಲ" ಅನ್ನುವ ಮಗು: ಸ್ಪೀಚ್ ಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ತಾಯಿ, ವಿಜಯನಗರ): ನಮಸ್ತೆ ಮೇಡಂ. ಮಗನಿಗೆ ಒಂಬತ್ತು ವರ್ಷ, ನಾಲ್ಕನೇ ಕ್ಲಾಸ್. ಲೆಕ್ಕದಲ್ಲಿ ಚುರುಕು. ಮೊನ್ನೆ ಟೀಚರ್ ಸಿಟ್ಟಿನಲ್ಲಿ "ಎಷ್ಟು ಸಲ ಹೇಳಬೇಕು ನಿನಗೆ?" ಅಂದಾಗ "ಎರಡು ಸಲ ಹೇಳಿದ್ದೀರಿ ಮಿಸ್" ಅಂದನಂತೆ. ಎದುರು ಮಾತಾಡುತ್ತಾನೆ ಅಂತ ಡೈರಿಯಲ್ಲಿ ಬರೆದು ಕಳಿಸಿದ್ದಾರೆ. ಪಾಠ ಓದಿದ ಮೇಲೆ "ಯಾರು, ಎಲ್ಲಿ" ಅಂತ ಕೇಳಿದರೆ ಸರಿಯಾಗಿ ಹೇಳುತ್ತಾನೆ. "ಯಾಕೆ ಹಾಗೆ ಮಾಡಿರಬಹುದು?" ಅಂದರೆ "ಪಾಠದಲ್ಲಿ ಅದು ಇಲ್ವಲ್ಲಾ" ಅನ್ನುತ್ತಾನೆ. ಎರಡಕ್ಕೂ ಸಂಬಂಧ ಇದೆಯಾ?

ಉತ್ತರ: ಇರುವ ಸಾಧ್ಯತೆ ಜಾಸ್ತಿ. ಎರಡೂ ಕಡೆ ಬೇಕಾಗುವುದು ಒಂದೇ ಕೆಲಸ: ಬಾಯಿಬಿಟ್ಟು ಹೇಳದೇ ಇರುವುದನ್ನು ಊಹಿಸುವುದು. ಮಗ ಕೇಳಿದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದಾನೆ. ಅದನ್ನು ಉದ್ಧಟತನ ಅಂತ ತಿಳಿದು ಬೈದರೆ ಅವನಿಗೆ ತಾನು ಮಾಡಿದ್ದೇನು ಅಂತಲೇ ಗೊತ್ತಾಗುವುದಿಲ್ಲ. ದಯವಿಟ್ಟು ಇದನ್ನು ಟೀಚರ್‌ಗೆ ಹೇಳಿ.

ಊಹೆಯನ್ನು ಕಲಿಸಬಹುದು. ಎರಡು ಸಾಲಿನ ಕಥೆ ಸಾಕು. "ಅಜ್ಜಿ ಟೆರೇಸಿಗೆ ಓಡಿದರು. ಹಪ್ಪಳವನ್ನೆಲ್ಲ ಬಾಚಿಕೊಂಡು ಕೆಳಗೆ ಬಂದರು." ಏನಾಗಿರಬಹುದು ಅಂತ ಒಮ್ಮೆಗೇ ಕೇಳಬೇಡಿ. ಮೊದಲು, ಕಥೆಯಲ್ಲಿ ಏನಿದೆ? ಅಜ್ಜಿ ಓಡಿದ್ದು, ಹಪ್ಪಳ ತಂದಿದ್ದು. ಆಮೇಲೆ, ನಿನಗೆ ಮೊದಲೇ ಏನು ಗೊತ್ತು? ಹಪ್ಪಳವನ್ನು ಬಿಸಿಲಿಗೆ ಹಾಕುತ್ತಾರೆ, ಒದ್ದೆಯಾದರೆ ಹಾಳು. ಎರಡನ್ನೂ ಸೇರಿಸು. ಮಳೆ ಬಂತು!

ಮಗು "ಕೋತಿ ಬಂತು" ಅಂದರೆ? ತಪ್ಪು ಅನ್ನಬೇಡಿ, ಅದೂ ಒಳ್ಳೆಯ ಊಹೆಯೇ. ಈಗ ಇನ್ನೊಂದು ಸಾಲು ಸೇರಿಸಿ: "ಕೊಡೆ ಮರೆಯಬೇಡ ಅಂತ ಮೊಮ್ಮಗನನ್ನು ಕೂಗಿದರು." ಈಗಲೂ ಕೋತಿನಾ? ಹೊಸ ಸುಳಿವು ಸಿಕ್ಕಾಗ ಊಹೆ ಬದಲಾಯಿಸಬಹುದು ಅನ್ನುವುದು ಈ ಮಕ್ಕಳಿಗೆ ಬಹಳ ಮುಖ್ಯ. ಮೊದಲು ಅಂದುಕೊಂಡಿದ್ದನ್ನೇ ಬಿಗಿಯಾಗಿ ಹಿಡಿದುಕೊಳ್ಳುವವರು ಜಾಸ್ತಿ.

ಇದನ್ನೇ ಶಾಲೆಗೆ ತನ್ನಿ. ತಡವಾಗಿ ಕ್ಲಾಸಿಗೆ ಹೋದೆ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದಾರೆ, ಯಾರೂ ಮಾತಾಡುತ್ತಿಲ್ಲ. ಏನು ನಡೀತಿದೆ? ಟೆಸ್ಟ್. ಹಾಗಾದರೆ ಜೋರಾಗಿ "ಮೇ ಐ ಕಮ್ ಇನ್" ಅನ್ನಬೇಕಾ, ಬಾಗಿಲಲ್ಲಿ ನಿಂತು ಕಾಯಬೇಕಾ? ಬೇರೆಯವರ ಮನಸ್ಸಿನಲ್ಲಿ ಏನಿದೆ ಅಂತ ಊಹಿಸಲು ಕಲಿಸುವಾಗ ಸಾಮಾನ್ಯವಾಗಿ ನಾವು ಮುಖಭಾವದ ಚಿತ್ರಗಳಿಂದ ಶುರು ಮಾಡುತ್ತೇವೆ. ಆದರೆ ನನ್ನ ಪ್ರಕಾರ ಅದು ಎರಡನೇ ಹೆಜ್ಜೆ ಆಗಬೇಕು. ಎಲ್ಲಿದ್ದೇವೆ, ಯಾರಿದ್ದಾರೆ, ಈಗಷ್ಟೇ ಏನಾಯಿತು ಅನ್ನುವುದು ಮೊದಲು. ಕಣ್ಣೀರು ಸೋತಾಗಲೂ ಬರುತ್ತೆ, ಈರುಳ್ಳಿ ಹೆಚ್ಚಿದಾಗಲೂ ಬರುತ್ತೆ, ಅಲ್ವಾ?

ಪ್ರಶ್ನೆ (ತಂದೆ, ಬನಶಂಕರಿ): ನನ್ನ ಮಗಳಿಗೆ ಆಟಿಸಂ (ಬೇರೆಯವರ ಜೊತೆ ಬೆರೆಯುವ, ಮಾತಾಡುವ ರೀತಿ ಚಿಕ್ಕಂದಿನಿಂದಲೇ ಬೇರೆಯಾಗಿರುವ ಸ್ಥಿತಿ) ಇದೆ. "ಕಣ್ಣಲ್ಲಿ ಕಣ್ಣಿಟ್ಟು ಮಾತಾಡು" ಅಂತ ಅಭ್ಯಾಸ ಮಾಡಿಸಬೇಕಾ?

ಉತ್ತರ: ಬಲವಂತ ಬೇಡ ಸರ್. ಆಟಿಸಂ ಇರುವ ಅನೇಕರಿಗೆ ಅದು ಕಷ್ಟ, ಕೆಲವರಿಗೆ ಹಿಂಸೆ. ಕಣ್ಣು ನೋಡುವುದಕ್ಕೇ ಶಕ್ತಿಯೆಲ್ಲ ಹೋದರೆ ಮಾತು ಕೇಳಿಸಿಕೊಳ್ಳುವುದು ಹೇಗೆ? ದನಿ, ನಿಂತಿರುವ ರೀತಿ, ಕೈಯಲ್ಲಿರುವ ವಸ್ತು, ಇವೂ ಸುಳಿವುಗಳೇ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ಮಾತು ಮುಂದಿಟ್ಟರು: ಅರ್ಥವಾಗದಿರುವುದು ಎರಡೂ ಕಡೆಯ ತೊಂದರೆ. ನಾವೂ ಅವರನ್ನು ತಪ್ಪಾಗಿ ಓದುತ್ತೇವೆ. ಹಾಗಾಗಿ ಬದಲಾಗುವ ಹೊಣೆಯನ್ನೆಲ್ಲ ಆ ಪುಟ್ಟ ಹುಡುಗಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಜೊತೆಯ ಮಕ್ಕಳಿಗೂ ಹೇಳಿಕೊಡಿ: "ಅವಳು ಕಿಟಕಿ ಕಡೆ ನೋಡುತ್ತಿದ್ದರೂ ನಿನ್ನ ಮಾತು ಕೇಳಿಸಿಕೊಳ್ಳುತ್ತಿರಬಹುದು."

ಪ್ರಶ್ನೆ (ಶಿಕ್ಷಕಿ, ಯಲಹಂಕ): ಕ್ಲಾಸಲ್ಲಿ ನಲವತ್ತು ಮಕ್ಕಳು ಮೇಡಂ. ಒಬ್ಬೊಬ್ಬರಿಗೂ ಹೀಗೆ ಕೂತು ಹೇಳಲು ಆಗಲ್ಲ. ಅರ್ಧ ಮಕ್ಕಳ ಮನೆ ಮಾತು ತಮಿಳು, ತೆಲುಗು, ಉರ್ದು.

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತೆ. ಬೇರೆ ಕೂರಿಸುವುದೇ ಬೇಡ. ಪಾಠ ಮಾಡುವಾಗ ನಿಮ್ಮ ಯೋಚನೆಯನ್ನು ಜೋರಾಗಿ ಹೇಳಿ: "ಇವನು ಚಪ್ಪಲಿ ಹಾಕದೆ ಓಡಿದ ಅಂತ ಇದೆ. ಅಷ್ಟು ಅವಸರ ಅಂದರೆ ಹೆದರಿರಬೇಕು." ನಲವತ್ತು ಮಕ್ಕಳಿಗೂ ಉಪಯೋಗ. ಮಕ್ಕಳು ಉತ್ತರ ಹೇಳಿದಾಗ "ಯಾವ ಪದ ನೋಡಿ ಹಾಗನ್ನಿಸಿತು?" ಅಂತ ಕೇಳಿ. ಸೂಚನೆ ಮಾತ್ರ ನೇರವಾಗಿರಲಿ. "ಇದು ಮೀನು ಮಾರ್ಕೆಟ್ಟಾ?" ಬದಲು "ಮಾತು ನಿಲ್ಲಿಸಿ, ಪುಸ್ತಕ ತೆಗೆಯಿರಿ."

ಮನೆ ಮಾತು ಬೇರೆ ಇದ್ದರೆ ಅವಸರಪಟ್ಟು "ಈ ಮಗುವಿಗೆ ತೊಂದರೆ ಇದೆ" ಅಂತ ಹೆಸರಿಡಬೇಡಿ. ಮಗುವಿಗೆ ತಮಿಳಿನಲ್ಲಿ ತಮಾಷೆ ಅರ್ಥವಾಗಿ ಕನ್ನಡದಲ್ಲಿ ಆಗದಿದ್ದರೆ ಅದು ಬರೀ ಭಾಷೆಯ ವಿಷಯ. ಮನೆ ಮಾತಿನಲ್ಲೂ ಹಾಗೇ ಇದ್ದರೆ ಮೊದಲು ಕಿವಿ ಪರೀಕ್ಷೆ ಮಾಡಿಸಲು ಹೇಳಿ. ಆಮೇಲೆ ಸ್ಪೀಚ್ ಥೆರಪಿಸ್ಟ್, ಅಥವಾ ಹೊಸೂರು ರಸ್ತೆಯ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ, ಕಲಿಕಾ ನ್ಯೂನತೆ ಎರಡೂ ಸೇರಿವೆ. ಅಗತ್ಯ ಹೊಂದಾಣಿಕೆ ಮಾಡಿಕೊಡುವುದು ಸರ್ಕಾರಿ ಶಾಲೆಯ ಜವಾಬ್ದಾರಿ, ಮಾನ್ಯತೆ ಪಡೆದ ಖಾಸಗಿ ಶಾಲೆಯದ್ದೂ ಹೌದು. ಥೆರಪಿಸ್ಟ್ ಅಥವಾ ವೈದ್ಯರ ವರದಿ ಕೈಗೆ ಬಂದ ಮೇಲೆ ಪೋಷಕರು ಹೆಡ್‌ಮಿಸ್‌ಗೆ ಲಿಖಿತವಾಗಿ ಕೊಡಲಿ, ಪ್ರತಿಗೆ ಸಹಿ ಹಾಕಿಸಿಕೊಳ್ಳಲಿ.